ಎಂಟೂವರೆಯ ಮಾತ್ರೆ

ಬೆಳಿಗ್ಗೆ ಎಂಟೂವರೆ ಆಯಿತೆಂದರೆ ನುಗ್ಗೇಹಳ್ಳಿ ಶಾಲೆಯ ಅಡುಗೆಮನೆಯಲ್ಲಿ ಸಣ್ಣಕ್ಕ ಸೌಟು ಕೆಳಗಿಟ್ಟು ಫೋನು ಎತ್ತಿಕೊಳ್ಳುತ್ತಿದ್ದಳು. ಒಲೆಯ ಮೇಲೆ ಮಕ್ಕಳ ಹಾಲು ಉಕ್ಕುತ್ತಿರಲಿ, ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು ಮೊಟ್ಟೆಯ ವಿಚಾರ ಕೇಳುತ್ತಿರಲಿ, ಆ ಹೊತ್ತಿಗೆ ಅವಳು ಯಾರಿಗೂ ಸಿಗುವವಳಲ್ಲ.

"ಲೇ ಶಾಂತ, ಮಾತ್ರೆ ನುಂಗ್ದೇನ್ಲಾ?"

"ಊ ಕಣಕ್ಕ, ನುಂಗ್ದೆ."

"ಖಾಲಿ ಹೊಟ್ಟೇಲಿ ತಾನೆ? ಇನ್ನೊಂದ್ ಗಂಟೆ ಏನೂ ತಿನ್‌ಬ್ಯಾಡ."

"ಗೊತ್ತು ಕಣಕ್ಕ, ಇಡು."

ಮಾತು ಇಷ್ಟೇ. ಆದರೆ ಈ ಇಷ್ಟು ಮಾತಾಗದೆ ಅವಳಿಗೆ ಅಕ್ಕಿ ತೊಳೆಯಲು ಕೈ ಏಳುತ್ತಿರಲಿಲ್ಲ. ಜೊತೆಯಲ್ಲಿ ಅಡುಗೆ ಮಾಡುವ ಲಕ್ಕಮ್ಮ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು: "ಅಲ್ಲ ಕಣೆ, ಗಂಡನ್ನ ಒಂದಿನನಾದ್ರೂ ಉಂಡ್ಯಾ ಅಂತ ಕೇಳಿದ್ದೀಯೇನೆ ನೀನು?" ಸಣ್ಣಕ್ಕ ತಿರುಗಿಯೂ ನೋಡಲಿಲ್ಲ. "ಗಂಡನ್ ಹೊಟ್ಟೇಲಿ ನನ್ ಕಿಡ್ನಿ ಐತೇನೆ?" ಅಂದಳು. ಲಕ್ಕಮ್ಮ ಬಾಯಿ ಮುಚ್ಚಿಕೊಂಡು ಈರುಳ್ಳಿ ಹೆಚ್ಚಿದಳು.

ಹೌದು, ಶಾಂತರಾಜುವಿನ ಹೊಟ್ಟೆಯಲ್ಲಿ ಇದ್ದದ್ದು ಅವಳದೇ ಕಿಡ್ನಿ. ಶಾಂತರಾಜು ಅವಳ ತಮ್ಮ. ತಾಯಿ ಸತ್ತಾಗ ಇನ್ನೂ ತೊದಲುತ್ತಿದ್ದ ಕೂಸು. ಅಪ್ಪ ಬೋರಪ್ಪ ಕೂಲಿಗೆ ಹೋದರೆ ಕತ್ತಲಾದ ಮೇಲೆಯೇ ಬರುವವನು. ಲಂಗ ಉಡುವ ವಯಸ್ಸಿನ ಹುಡುಗಿ ಸಣ್ಣಕ್ಕ, ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡೇ ರಾಗಿ ಹೊಲದಲ್ಲಿ ಕಳೆ ಕಿತ್ತಳು. ನುಗ್ಗೇಹಳ್ಳಿಯ ಚಿಕ್ಕಯ್ಯನಿಗೆ ಮದುವೆಯಾಗಿ ಬಂದಾಗಲೂ ಸೀರೆಯ ಗಂಟಿನ ಜೊತೆಗೆ ತಮ್ಮನನ್ನೂ ತಂದಳು. ಚಿಕ್ಕಯ್ಯ ತೆಂಗಿನಕಾಯಿ ಕೀಳುವ ಆಸಾಮಿ, ಮಾತು ಕಡಿಮೆ. "ಬಂದ್ಯಾ, ಬಾ" ಅಂದು ಹುಡುಗನಿಗೆ ಚಾಪೆ ಹಾಸಿಕೊಟ್ಟ. ಅಷ್ಟಕ್ಕೆ ಮುಗಿಯಿತು.

ಹುಡುಗ ಪಿಯುಸಿಯವರೆಗೆ ಓದಿ, ಬಾಗೂರಿನ ದೇವರಾಜು ಅವರ ನರ್ಸರಿಗೆ ಸೇರಿದ. ಅಲ್ಲಿ ಮಾವಿನ ಕಸಿ ಕಟ್ಟುವುದನ್ನು ಕಲಿತ. ಅವನ ಕೈ ಅದಕ್ಕೆಂದೇ ಹುಟ್ಟಿದ್ದು ಅನ್ನಬೇಕು! ಮಾವಿನ ಓಟೆಯಿಂದ ಮೊಳೆತು ಎದ್ದ ನಾಟಿ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಒಳ್ಳೆ ಜಾತಿಯ ಮರದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಆ ಸೀಳಿಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಿದ್ದ. ಅವನು ಸುತ್ತಿದ್ದು ಒಣಗಿದ್ದು ಅಪರೂಪ. ಬಾಗೂರಿನಲ್ಲೇ ಮನೆ ಮಾಡಿದ, ನಾಗಲಕ್ಷ್ಮಿಯನ್ನು ಮದುವೆಯಾದ, ಎಲ್ಲ ಚೆನ್ನಾಗಿತ್ತು. ಆಮೇಲೆ ಕಾಲು ಊದಿತು, ಮುಖ ಊದಿತು. ಎರಡೂ ಕಿಡ್ನಿ ಕೈಕೊಟ್ಟಿವೆ ಅಂದರು. ಚನ್ನರಾಯಪಟ್ಟಣದಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಬಂದು ಗೋಡೆಗೆ ಒರಗಿ ಕೂರುತ್ತಿದ್ದ ತಮ್ಮನನ್ನು ನೋಡಲಾಗದೆ ಸಣ್ಣಕ್ಕ "ನಂದು ತಗಳಿ" ಅಂದುಬಿಟ್ಟಳು. ಪರೀಕ್ಷೆಗಳೆಲ್ಲ ಆಗಿ, ಕೊಡಬಹುದು ಅಂತಲೂ ಆಯಿತು.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಚಿಕ್ಕಯ್ಯ ಹೆಂಡತಿಗೆ ಒಂದೇ ಮಾತು ಹೇಳಿದ್ದ. "ಕೊಡು, ಬ್ಯಾಡ ಅನ್ನಕಿಲ್ಲ ನಾನು. ಆದ್ರೆ ಕೊಟ್ಮೇಲೆ ಅದು ಅವುಂದು. ತಿಳೀತಾ?"

ಅವಳು "ಊ" ಅಂದಿದ್ದಳು. ಅಂದದ್ದೇ ಸರಿ, ಕೇಳಿಸಿಕೊಂಡಿರಲಿಲ್ಲ.

ಆಪರೇಷನ್ ಆಗಿ ನಾಲ್ಕು ವರ್ಷ. ಶಾಂತರಾಜು ಓಡಾಡುವಂತಾದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ತಾನೇ ಕಟ್ಟಿದ ರಸಪುರಿ ಕಸಿಯೊಂದನ್ನು ತಂದು ಅಕ್ಕನ ಹಿತ್ತಲಲ್ಲಿ ನೆಟ್ಟದ್ದು. ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಆ ಗಿಡದ ಮುಂದೆ ಬಗ್ಗಿ, ಬುಡದಲ್ಲಿ ಎದ್ದ ಕಾಡು ಚಿಗುರನ್ನು ಉಗುರಿನಿಂದ ಚಿವುಟುತ್ತಿದ್ದ. "ಇದ ಬುಟ್ರೆ ನಾಟಿ ಬೇರು ತನ್ ಚಿಗುರ್ನೇ ಸಾಕ್ತದೆ ಕಣಕ್ಕ. ಮ್ಯಾಲಿನ ರಸಪುರಿ ಸೊರಗಿ ಸತ್ತೋಯ್ತದೆ. ಮರ ಆದ್ಮೇಲೂವೆ ಚಿವುಟ್ತಾ ಇರ್ಬೇಕು" ಅನ್ನುತ್ತಿದ್ದ. ಸಣ್ಣಕ್ಕ ಅವನ ಗಿಡವನ್ನಲ್ಲ, ಅವನ ಸೊಂಟ ಬಗ್ಗುವುದನ್ನು ನೋಡುತ್ತಿದ್ದಳು. ಹಾಗೆ ಬಗ್ಗಿದರೆ ಕಿಡ್ನಿಗೆ ಒತ್ತೀತೇನೋ ಅಂತ.

ಈ ಆಷಾಢದಲ್ಲಿ ಮೊಹರಂ ರಜೆ ಬಂತು. ಸಣ್ಣಕ್ಕ ಬೆಳಿಗ್ಗೆಯ ಫೋನು ಮುಗಿಸಿ, ತಮ್ಮ "ನುಂಗ್ದೆ ಕಣಕ್ಕ" ಅಂದದ್ದನ್ನು ಕಿವಿಯಾರೆ ಕೇಳಿ, ಬಸ್ಸು ಹತ್ತಿ ಬಾಗೂರಿಗೆ ಬಂದಳು. ನರ್ಸರಿಯಲ್ಲಿ ಕಸಿಯ ಕಾಲ. ಹೆಂಗಸರು ಚಪ್ಪರದಡಿ ಕೂತು ಕಪ್ಪು ಕವರುಗಳಿಗೆ ಮಣ್ಣು ತುಂಬುತ್ತಿದ್ದರು. ಶಾಂತರಾಜು ಕಡ್ಡಿ ಕುಯ್ಯಲು ತೋಟಕ್ಕೆ ಹೋಗಿದ್ದ. ಸುಮ್ಮನೆ ಕೂರುವುದು ಅವಳಿಂದ ಆಗದ ಕೆಲಸ, ತಾನೂ ಸೆರಗು ಸಿಕ್ಕಿಸಿ ಕೂತಳು. ತೆಂಗಿನ ನಾರಿನ ಪುಡಿ ಮುಗಿಯಿತು. ತಮ್ಮ ಕೂರುವ ಮೂಲೆಯಲ್ಲಿ ಇನ್ನೊಂದು ಚೀಲವಿತ್ತು. ಅದಕ್ಕೆ ಮೊಣಕೈಯವರೆಗೆ ಕೈ ತೂರಿಸಿದಳು.

ಏನೋ ಗರಗರ ಅಂತು. ಹಾವಿನ ಪೊರೆಯೇನೋ ಅಂತ ಕಿಟಾರನೆ ಕಿರುಚಿ ಕೈ ಎಳೆದುಕೊಂಡಳು. ಕೈಯ ಜೊತೆಗೆ ಪ್ಲಾಸ್ಟಿಕ್ ಚೀಲವೊಂದು ಎದ್ದು ಬಂತು. ಅದರ ತುಂಬ ಮಾತ್ರೆಯ ಹಾಳೆಗಳು. ಓದಲು ಬರದಿದ್ದರೇನು, ಆ ಕಿತ್ತಳೆ ಗೆರೆ ಅವಳಿಗೆ ಗೊತ್ತಿಲ್ಲವೇ? ಹಾಸನದ ಮೆಡಿಕಲ್ ಸ್ಟೋರಿನಲ್ಲಿ ಸಾಲಿನಲ್ಲಿ ನಿಂತು ಎಷ್ಟು ಸಲ ತಂದಿದ್ದಳು! ಮೈ ಹೊಸ ಕಿಡ್ನಿಯನ್ನು ಹೊರದಬ್ಬದಂತೆ ತಡೆಯುವ ಎಂಟೂವರೆಯ ಮಾತ್ರೆ. ಒಂದಾದರೂ ಒಡೆದಿರಲಿಲ್ಲ.

ಮುಂಗಡ ತಂದಿಟ್ಟುಕೊಂಡಿರಬೇಕು ಅಂದುಕೊಂಡಳು. ಆದರೆ ಮುಂಗಡ ತಂದದ್ದನ್ನು ಯಾರಾದರೂ ನಾರಿನ ಪುಡಿಯಲ್ಲಿ ಹೂತಿಡುತ್ತಾರೆಯೇ? ಅಡಿಯ ಹಾಳೆಗಳಿಗೆ ತೇವ ಹಿಡಿದು ಬೂಷ್ಟು ಬಂದಿತ್ತು. ಅಂದರೆ ಇವತ್ತು ನಿನ್ನೆಯದಲ್ಲ.

ಅಷ್ಟರಲ್ಲಿ ಶಾಂತರಾಜು ಒದ್ದೆ ಗೋಣಿಯಲ್ಲಿ ಕಡ್ಡಿ ಸುತ್ತಿ ಹೆಗಲ ಮೇಲೆ ಹೊತ್ತು ಬಂದ. ಅಕ್ಕನ ಮಡಿಲಲ್ಲಿ ಮಾತ್ರೆ ನೋಡಿದ. ಹೆಗಲಿನ ಹೊರೆ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

"ಏನ್ಲಾ ಇದು?"

ಅವನು ಚಪ್ಪರದಡಿಯ ಹೆಂಗಸರ ಕಡೆ ನೋಡಿದ.

"ಏನ್ಲಾ ಇದು ಅಂದೆ!"

"ಕೂಗ್‌ಬ್ಯಾಡ ಕಣಕ್ಕ. ಆಳುಗಳವ್ರೆ."

"ಆಳಿರ್ಲಿ, ಊರೇ ಇರ್ಲಿ! ಬೆಳಿಗ್ಗೆ ತಾನೆ ನುಂಗ್ದೆ ಅಂದ್ಯಲ್ಲೋ! ದಿನಾ ಅಂತಿದ್ಯಲ್ಲೋ! ಯಾವಾಗ್ನಿಂದ?"

"ದಸರಾದಿಂದ," ಅಂದ. ಆಮೇಲೆ ಬೇಗಬೇಗ, "ಬ್ಯಾರೆ ಮಾತ್ರೆ ಎಲ್ಲಾ ನುಂಗ್ತೀನಿ ಕಣಕ್ಕ, ಇದೊಂದೇ ಬುಟ್ಟಿರೋದು. ಪರೀಕ್ಷೆಗೆ ರಕ್ತ ಕೊಡೋ ವಾರ ಇದ್ನೂ ನುಂಗ್ತೀನಿ. ಯಾರ್ಗೂ ಗೊತ್ತಾಗಿಲ್ಲ."

ದಸರಾದಿಂದ ಆಷಾಢದವರೆಗೆ! ಎಷ್ಟು ಬೆಳಗು, ಎಷ್ಟು "ಊ ಕಣಕ್ಕ, ನುಂಗ್ದೆ"! ಸಣ್ಣಕ್ಕ ಎದ್ದವಳೇ ಕಪಾಳಕ್ಕೊಂದು ಬಿಟ್ಟಳು. ಮಣ್ಣು ತುಂಬುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತವು. ಹೊಡೆದ ಮೇಲೆ ಅವಳ ಕಣ್ಣು ಹೋದದ್ದು ತಮ್ಮನ ಕೆನ್ನೆಗಲ್ಲ, ಅವನ ಹೊಟ್ಟೆಯ ಬಲಗಡೆಗೆ. ಶಾಂತರಾಜು ಅದನ್ನು ನೋಡಿದ.

ಅವನು ಕೆನ್ನೆ ಉಜ್ಜಿಕೊಳ್ಳಲಿಲ್ಲ. ಬಗ್ಗಿ ಒಂದು ಹಳೆಯ ಸಸಿ ಎತ್ತಿಕೊಂಡ. ಪಟ್ಟಿ ಬಿಚ್ಚಲು ಯಾರೋ ಮರೆತಿದ್ದ ಗಿಡ. ಪ್ಲಾಸ್ಟಿಕ್ ಕಾಂಡದೊಳಗೆ ಇಳಿದು ಉಂಗುರದಂತೆ ಕೊರೆದಿತ್ತು, ಮೇಲಿನ ಎಲೆ ಹಳದಿಯಾಗಿತ್ತು. "ನೋಡಕ್ಕ. ಬೆಸೆಯೋಗಂಟ ಪಟ್ಟಿ ಬೇಕು. ಬೆಸ್ಕಂಡ್ಮೇಲೂ ಬಿಚ್ಚದೆ ಬುಟ್ರೆ ಇಂಗೇ, ಕತ್ತು ಇಸುಕ್ಬುಡ್ತದೆ. ಕಿಡ್ನಿ ಆಕಿ ಮೂರೊರ್ಷ ಆಗಿತ್ತಲ್ಲ, ಬೆಸ್ಕಂಡೈತೆ ಅಂತ ನಾನು... ಆ ಮಾತ್ರೆ ಒಳ್ಳೇ ಸೆಲ್ಲುಗಳ್ನೂ ಸಾಯಿಸ್ತದಂತೆ ಕಣಕ್ಕ. ಮೈಯಿ ಕಿಡ್ನೀನ ಒಪ್ಕಳಂಗೆ ಮಾಡೋ ಸೆಲ್ಲುಗಳ್ನ. ಡಾಕ್ಟ್ರೇ ಯೋಳವ್ರೆ."

ಸಣ್ಣಕ್ಕನಿಗೆ ಒಂದಕ್ಷರವೂ ಹೊಳೆಯಲಿಲ್ಲ. ತಾನು ಸೊಂಟದ ಮೇಲೆ ಹೊತ್ತು ಸಾಕಿದ ಹುಡುಗ, ತನ್ನ ಮೈಯ ತುಂಡೊಂದನ್ನು ಮಾವಿನ ಸಸಿಯ ಲೆಕ್ಕಕ್ಕೆ ಸೇರಿಸಿದ್ದಾನೆ ಅನ್ನುವುದಷ್ಟೇ ಹೊಳೆಯಿತು.

ಗಲಾಟೆ ಕೇಳಿ ಬಂದ ದೇವರಾಜು ವಿಷಯ ತಿಳಿದು ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ಗಿಡದ ಬುದ್ಧೀನ ಮೈಗ್ ಅಂಟಿಸ್ಕಂಡ್ಯೇನ್ಲಾ!" ಅಂದವರೇ ಕಾರು ತೆಗೆದರು. "ಮದ್ಲು ಹತ್ತಿ. ಜಗಳ ದಾರೀಲಾಡಿ."

ದಾರಿಯಲ್ಲಿ ಯಾರೂ ಜಗಳವಾಡಲಿಲ್ಲ. ಮನೆ ಮುಂದೆ ಕಾರು ಹತ್ತಿದ ನಾಗಲಕ್ಷ್ಮಿ, "ನಂಗೂ ಸುಳ್ಳೇಳಿದ್ರಾ? ಮನೇಲಿ ಇಲಿ ಕಾಟ, ಮಾತ್ರೆ ನರ್ಸರೀಲೇ ಇರ್ಲಿ ಅಂದಿದ್ದು ಇದಕ್ಕಾ?" ಅಂತ ಒಂದು ಸಲ ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಶಾಂತಿಗ್ರಾಮ ದಾಟಿದರೂ ಸಣ್ಣಕ್ಕನ ಮಡಿಲಲ್ಲಿ ಆ ಪ್ಲಾಸ್ಟಿಕ್ ಚೀಲ ಹಾಗೆಯೇ ಇತ್ತು.

ಹಾಸನದ ಆಸ್ಪತ್ರೆಯಲ್ಲಿ ಶಾಂತರಾಜುವನ್ನು ನೋಡುತ್ತಿದ್ದವರು ಮೇಘಶ್ರೀ ಅಂತ, ಅರಕಲಗೂಡು ಕಡೆಯ ಹೆಣ್ಣುಮಗಳು. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ರಕ್ತ ತೆಗೆಸಿದರು, ರಿಪೋರ್ಟು ಬರುವ ತನಕ ಹೊರಗೆ ಕೂರಿಸಿದರು. ಆಮೇಲೆ ಕರೆದು, "ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಒಂಚೂರು ಏರಿದೆ, ಅಷ್ಟೇ" ಅಂದರು.

ಸಣ್ಣಕ್ಕ ಎರಡೂ ಕೈ ಎತ್ತಿ ಮುಗಿದಳು. "ಏನೂ ಆಗಿಲ್ಲ ಅಲ್ವಾ ಮೇಡಂ? ಅಲ್ವಾ?"

ಡಾಕ್ಟರು ಅವಳಿಗೆ ಉತ್ತರ ಕೊಡದೆ ಶಾಂತರಾಜುವನ್ನು ಕೇಳಿದರು. "ಇದೊಂದೇ ಮಾತ್ರೆ ಯಾಕೆ ಬಿಟ್ರಿ? ಇದು ಒಳ್ಳೇ ಸೆಲ್ ಸಾಯಿಸುತ್ತೆ ಅಂತ ಯಾರು ಹೇಳಿದ್ರು ನಿಮಗೆ?"

"ನೀವೇ ಮೇಡಂ."

ಮೇಘಶ್ರೀ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ನಾನಾ?"

"ಓದೊರ್ಷ ಕಿಡ್ನಿ ಆಕ್ಸ್ಕಂಡೋರ್ದೆಲ್ಲ ಸಭೆ ಮಾಡಿದ್ರಲ್ಲ ಮೇಡಂ, ಇಲ್ಲೇ ಮ್ಯಾಲಿನ ಆಲ್‌ನಲ್ಲಿ. ಪರದೆ ಮ್ಯಾಲೆ ಚಿತ್ರ ತೋರಿಸ್ತಾ ಯೋಳಿದ್ರಿ. ವಡಿಯೋ ಸೆಲ್ಲು ಕೆಲವು, ರಾಜಿ ಮಾಡ್ಸೋ ಸೆಲ್ಲು ಕೆಲವು. ಈ ಮಾತ್ರೆ ರಾಜಿ ಮಾಡ್ಸೋವ್ಕೂ ಏಟು ಕೊಡ್ತದೆ ಅಂದ್ರಿ. ಫಾರಿನ್ನಲ್ಲಿ ಕೆಲವರ್ಗೆ ಮಾತ್ರೆ ಬುಡ್ಸಿ ನೋಡ್ತಾವ್ರೆ ಅಂದ್ರಿ."

ಮೇಘಶ್ರೀ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಜನಕ್ಕೆ ಅರ್ಥವಾಗಲಿ ಅಂತ ಅಷ್ಟು ಪಾಡುಪಟ್ಟು ಬಿಡಿಸಿ ಹೇಳಿದ ಮಾತು, ಒಬ್ಬನಿಗೆ ಅರ್ಥವಾಗಿ ಈ ಗತಿಗೆ ತಂದಿದೆ ಅಂದರೆ ಯಾರಿಗೆ ತಾನೆ ಗಾಬರಿಯಾಗುವುದಿಲ್ಲ?

"ಹೇಳಿದ್ದೆ, ಸುಳ್ಳಲ್ಲ ಅದು," ಅಂದರು. ಆಮೇಲೆ ಸಣ್ಣಕ್ಕನ ಕಡೆ ತಿರುಗಿದರು. "ಅಮ್ಮಾ, ನೀವೂ ಕೇಳಿ. ರಕ್ತದಲ್ಲಿ ಟಿ ಸೆಲ್ ಅಂತ ಇರ್ತವೆ. ನಮ್ಮದಲ್ಲದ್ದು ಏನು ಮೈಯೊಳಗೆ ಬಂದ್ರೂ ಹೊಡೆಯೋಕೆ ಏಳ್ತವೆ. ಅವುಗಳ ಪೈಕೀನೇ ಒಂದಷ್ಟು ರೆಗ್ಯುಲೇಟರಿ ಟಿ ಸೆಲ್ ಅಂತ. ಅವು ಮಧ್ಯೆ ನಿಂತು 'ಬಿಡ್ರಪ್ಪ, ಇದು ನಮ್ಮದೇ' ಅಂತ ರಾಜಿ ಮಾಡಿಸ್ತವೆ. ಹೊಡೆಯೋಕೆ ಹೊರಟವರು ಬುತ್ತಿ ಕಟ್ಟಿಕೊಂಡು ಬರ್ತಾರೆ ಅಂದ್ಕೊಳ್ಳಿ. ರಾಜಿಯವರು ತಾವು ಬುತ್ತಿ ಕಟ್ಟಲ್ಲ, ಇವರ ಬುತ್ತೀಲೇ ಉಣ್ಣಬೇಕು. ಈ ಮಾತ್ರೆ ಆ ಬುತ್ತಿ ಕಟ್ಟೋದನ್ನೇ ನಿಲ್ಲಿಸುತ್ತೆ. ಹೊಡೆಯೋರೂ ಉಪವಾಸ, ರಾಜಿಯವರೂ ಉಪವಾಸ."

"ಅದ್ನೇ ಅಲ್ವಾ ಮೇಡಂ ನಾನೂ ಅಂದಿದ್ದು? ಮಾತ್ರೆ ಬುಟ್ರೆ ರಾಜಿಯೋರ್ ಉಣ್ತಾರಲ್ಲ."

"ಹೊಡೆಯೋರೂ ಉಣ್ತಾರಲ್ಲಪ್ಪ! ಅವರು ನೂರು ಜನ ಇದ್ರೆ ಇವರು ಐದೋ ಹತ್ತೋ. ಬುತ್ತಿ ಬಿಚ್ಚಿದ ಮೇಲೆ ಗೆಲ್ಲೋರು ಯಾರು? ರಾಜಿಯವರಿಗೆ ಅಷ್ಟು ಪೆಟ್ಟು ಕೊಡದ ಇನ್ನೊಂದು ಮಾತ್ರೆ ಇದೆ, ಸಿರೋಲಿಮಸ್ ಅಂತ. ಎಲ್ಲರಿಗೂ ಒಗ್ಗಲ್ಲ. ಬದಲಾಯಿಸೋದಿದ್ರೂ ನಾವು ವಾರವಾರ ರಕ್ತ ನೋಡ್ಕೊಂಡು ಮೆಲ್ಲಗೆ ಬದಲಾಯಿಸ್ಬೇಕು. ಗೋಣಿಚೀಲದಲ್ಲಿ ಬಚ್ಚಿಟ್ಟು ಅಲ್ಲ." ಅವರ ದನಿ ಮೊದಲ ಸಲ ಏರಿತು. "ಆ ಸಭೇಲಿ ಇದನ್ನೂ ಹೇಳಿದ್ದೆ ನಾನು. ನೀವು ಅರ್ಧಕ್ಕೇ ಎದ್ದು ಹೋಗಿದ್ರಾ?"

ಶಾಂತರಾಜು ತಲೆ ತಗ್ಗಿಸಿದ. "ಚನ್ರಾಯಪಟ್ಣದ ಬಸ್ಸಿತ್ತು ಮೇಡಂ."

ಬಸ್ಸಂತೆ! ನಗಬೇಕೋ ಅಳಬೇಕೋ ನೀವೇ ಹೇಳಿ.

ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಬರುವ ತನಕ ವಾರ್ಡಿನಲ್ಲೇ ಇರಬೇಕೆಂದರು. ಸಣ್ಣಕ್ಕ ಹಾಸಿಗೆಯ ಪಕ್ಕದ ಸ್ಟೂಲು ಬಿಟ್ಟು ಕದಲಲಿಲ್ಲ. ಅವಳಿಗೆ ಒಳಗೊಳಗೇ ಧೈರ್ಯವಿತ್ತು. ರಕ್ತದ ರಿಪೋರ್ಟು ಅಷ್ಟೇನೂ ಕೆಟ್ಟಿಲ್ಲವಲ್ಲ, ತನ್ನ ಕಿಡ್ನಿ ಅಷ್ಟು ಸುಲಭಕ್ಕೆ ಸೋಲುವುದಲ್ಲ ಅಂತ ನಾಗಲಕ್ಷ್ಮಿಗೂ ಹೇಳಿದಳು.

ರಿಪೋರ್ಟು ಬಂದ ದಿನ ಮೇಘಶ್ರೀ ತಾವೇ ವಾರ್ಡಿಗೆ ಬಂದರು. ನಿಂತುಕೊಂಡು ಹೇಳುವ ಡಾಕ್ಟರು ಅವತ್ತು ಹಾಸಿಗೆಯ ತುದಿಯಲ್ಲಿ ಕೂತರು. ಸಣ್ಣಕ್ಕ ಸ್ಟೂಲಿನಿಂದ ಎದ್ದಳು.

"ರಿಜೆಕ್ಷನ್ ಶುರುವಾಗಿದೆ, ಮೈ ಕಿಡ್ನೀನ ಒಪ್ಪುತ್ತಿಲ್ಲ. ಹೊಡೆಯೋ ಸೆಲ್‌ಗಳು ಕಿಡ್ನಿಯೊಳಗೆ ನುಗ್ಗಿವೆ. ರಾಜಿಯವೂ ಅಲ್ಲಲ್ಲಿ ಕಾಣ್ತಿವೆ, ಇಲ್ಲ ಅಂತಲ್ಲ. ಬೇರೆ ಮಾತ್ರೆಗಳನ್ನ ಬಿಡದೆ ತಗೊಂಡಿದ್ದಕ್ಕೋ ಈ ರಾಜಿಯವುಗಳ ದೆಸೆಯಿಂದಲೋ ಇಷ್ಟು ದಿನ ತಡೆದಿರಬಹುದು. ಆದ್ರೆ ಸಾಲಲ್ಲ. ಒಂದಷ್ಟು ಭಾಗ ಆಗಲೇ ಗಟ್ಟಿಯಾಗಿ ಕಲೆ ಬಿದ್ದಿದೆ. ಅದು ವಾಪಸ್ ಬರಲ್ಲ. ಉಳಿದದ್ದನ್ನ ಉಳಿಸ್ಕೊಳ್ಳೋಕೆ ಇವತ್ತಿಂದ ಡ್ರಿಪ್ ಹಾಕ್ತೀವಿ."

"ರಕ್ತದಲ್ಲಿ ಏನೂ ಇಲ್ಲ ಅಂದ್ರಲ್ಲ ಮೇಡಂ?" ಅಂದಳು ಸಣ್ಣಕ್ಕ.

"ಕಿಡ್ನಿ ಬೇಗ ಹೇಳ್ಕೊಳ್ಳಲ್ಲಮ್ಮ. ಅರ್ಧ ಹಾಳಾಗೋ ತನಕ ಉಳಿದರ್ಧ ಅದರ ಕೆಲಸಾನೂ ಮಾಡ್ಕೊಂಡು ಸುಮ್ಮನಿರುತ್ತೆ."

ಸಣ್ಣಕ್ಕ ತನ್ನ ಪಕ್ಕೆ ಹಿಡಿದುಕೊಂಡಳು. ಆಪರೇಷನ್ನಿನ ಗೀರು ಇರುವ ಜಾಗ. ತನ್ನದೇ ಮಗುವನ್ನು ಯಾರದೋ ಮನೆಗೆ ಕೊಟ್ಟು, ಅಲ್ಲಿ ಅದು ಏಟು ತಿಂದರೂ ತುಟಿಪಿಟಕ್ಕೆನ್ನದೆ ಇತ್ತೆಂದು ಈಗ ತಿಳಿದ ಹಾಗಾಯಿತು ಅವಳಿಗೆ. ಡಾಕ್ಟರು ಹೋದ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದಳು. "ಪಾಪಿ! ನನ್ ಕಿಡ್ನಿ ಕಣ್ಲಾ ಅದು! ನನ್ ಕಿಡ್ನೀನ ಕೊಂದ್ಯಲ್ಲೋ! ಏನ್ಲಾ ಮಾಡಿತ್ತು ನಿಂಗೆ ನನ್ ಕಿಡ್ನಿ!"

ಪಕ್ಕದ ಹಾಸಿಗೆಯವರು ಎದ್ದು ಕೂತರು. ನಾಗಲಕ್ಷ್ಮಿ "ಅತ್ತಿಗೆ, ಬುಡಿ ಅತ್ತಿಗೆ" ಅಂತ ಕೈ ಹಿಡಿದಳು. ಶಾಂತರಾಜು ಸೂರು ನೋಡುತ್ತ ಮಲಗಿದ್ದ. ಕೈಗೆ ಡ್ರಿಪ್ಪು ಹಾಕಿದ್ದರು. ಅಕ್ಕನಿಗೆ ಎದುರು ಮಾತನಾಡಿ ಗೊತ್ತಿಲ್ಲದ ಹುಡುಗ ಮೆಲ್ಲಗೆ ಅಂದ:

"ನೋಡ್ದಾ. ನನ್ ಕಿಡ್ನಿ, ನನ್ ಕಿಡ್ನಿ. ನಾಕೊರ್ಷದಿಂದ ಅದೇ."

"ಅಂದ್ರೆ?"

"ಎಂಟೂವರೆಗೆ ಫೋನು. ಮಟನ್ ತಿಂದ್ಯಾ, ಮಳೇಲಿ ನೆಂದ್ಯಾ, ಗುಂಡಿ ತೋಡ್ದ್ಯಾ. ಒಂದಿನ, ಒಂದೇ ಒಂದಿನ, ಶಾಂತ ಎಂಗಿದ್ದೀಯ್ಲಾ ಅಂದಿದ್ದೀಯಾ ಅಕ್ಕ? ಅವತ್ತು ವಡ್ದಲ್ಲ, ವಡ್ದು ನನ್ ಮಕ ನೋಡ್ಲಿಲ್ಲ ನೀನು, ಹೊಟ್ಟೆ ನೋಡ್ದೆ. ಅದ ಕೊಟ್ಟಾಗ್ನಿಂದ ನಾನು ನಿನ್ ತಮ್ಮ ಅಲ್ಲ ಕಣಕ್ಕ. ನಿನ್ ಕಿಡ್ನಿ ಕಾಯೋ ಆಳು." ಅವನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. "ರಾಜಿ ಮಾಡ್ಸೋ ಸೆಲ್ಲು ಅಂದ್ರಲ್ಲ, ಅವು ಇದ್ರೆ ಮೈಯೇ 'ಇದು ನಂದು' ಅಂತದಂತೆ. ಅಂಗನ್ಲಿ ಅಂತ ಆಸೆ ಆಯ್ತು ಕಣಕ್ಕ. ಒಂದ್ಸಲ ನನ್ ಮೈಯಾದ್ರೂ ಅದ್ನ ನಂದು ಅನ್ಲಿ ಅಂತ."

ನರ್ಸರಿಯ ಚೀಲದಲ್ಲಿ ಕೈಗೆ ಸಿಕ್ಕಿದ ಮಾತ್ರೆಗಳಿಗೆ ಅವಳು ಬೆಚ್ಚಿದ್ದಳು, ಡಾಕ್ಟರ ಮಾತಿಗೆ ಕುಸಿದಿದ್ದಳು. ಆದರೆ ಇದು ಬೇರೆ. ಇದು ಕೇಳಿ ಸಣ್ಣಕ್ಕನಿಗೆ ನಿಂತ ನೆಲವೇ ತಪ್ಪಿತು. ತಾನು ಅವನನ್ನು ಬದುಕಿಸಿದೆ ಅಂದುಕೊಂಡಿದ್ದ ನಾಲ್ಕು ವರ್ಷವೂ ಅವನು ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದ! ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಳು. ಊಟ ತಂದಿದ್ದ ಚಿಕ್ಕಯ್ಯ ಅಲ್ಲೇ ಬೀಡಿ ಸೇದುತ್ತಿದ್ದ. ಅವಳ ಮುಖ ನೋಡಿ ಬೀಡಿ ಆರಿಸಿದ.

"ನೀನು ಅವತ್ತೇ ಯೋಳಿದ್ದೆ," ಅಂದಳು. "ಕೊಟ್ಮೇಲೆ ಅದು ಅವುಂದು ಅಂತ."

ಚಿಕ್ಕಯ್ಯ "ಊ" ಅಂದ. ಅವಳು ಅತ್ತು ಮುಗಿಸುವ ತನಕ ಪಕ್ಕದಲ್ಲಿ ಕೂತಿದ್ದ.

ಬಹಳ ಹೊತ್ತಾದ ಮೇಲೆ ವಾರ್ಡಿಗೆ ವಾಪಸು ಬಂದಳು. ತಮ್ಮ ಎಚ್ಚರವಿದ್ದ. ಅವಳು ಸ್ಟೂಲು ಎಳೆದುಕೊಂಡು, ಬೇಕೆಂದೇ ಅವನ ಮುಖ ನೋಡಿದಳು. ಹುಬ್ಬಿನ ಮೇಲೊಂದು ಬಿಳಿ ಕೂದಲು ಬಂದಿತ್ತು. ಯಾವಾಗ ಬಂತೋ ಅವಳಿಗೆ ಗೊತ್ತಿರಲಿಲ್ಲ.

"ಲೇ ಶಾಂತ. ಇನ್ಮ್ಯಾಕೆ ಫೋನ್ ಮಾಡಕಿಲ್ಲ ಕಣ್ಲಾ ನಾನು. ಕೇಳಕಿಲ್ಲ. ಪಟ್ಟಿ ಬಿಚ್ಚುದ್ಲು ಅಂದ್ಕೊ."

ಅವನು ಏನೋ ಹೇಳಲು ಬಾಯಿ ತೆರೆದ.

"ತಡಿ, ಇನ್ನೊಂದ್ ಮಾತೈತೆ. ಪಟ್ಟಿ ಇಂಗೆ, ಪಟ್ಟಿ ಅಂಗೆ ಅಂತ ನಂಗೆ ಪಾಠ ಮಾಡ್ದಲ್ಲ ಅವತ್ತು. ನನ್ ಹಿತ್ಲಿಗ್ ಬಂದಾಗೆಲ್ಲ ಬುಡದ ಚಿಗುರು ಚಿವುಟ್ತೀಯಲ್ಲೋ. ಮರ ಆದ್ಮೇಲೂವೆ ಚಿವುಟ್ಬೇಕು ಅಂತೀಯಲ್ಲೋ. ಅದ ಯಾವತ್ತಾದ್ರೂ ಬುಟ್ಟಿದ್ದೀಯಾ ನೀನು?"

ಶಾಂತರಾಜು ಅವಳನ್ನೇ ನೋಡಿದ. ಕಸಿ ಕಟ್ಟಿ ಕಟ್ಟಿ ಬೆರಳ ತುದಿ ಗಟ್ಟಿಯಾದ ಮನುಷ್ಯ, ಮಾತ್ರೆ ಒಮ್ಮೆ ಬಿಚ್ಚುವ ಪಟ್ಟಿಯಲ್ಲ, ದಿನವೂ ಚಿವುಟುವ ಕೆಲಸ, ಇಷ್ಟು ದಿನ ತಾನು ತಪ್ಪು ಕಡೆ ನೋಡುತ್ತಿದ್ದೆ ಅನ್ನುವುದು ಅವನ ಮುಖದಲ್ಲಿ ನಿಚ್ಚಳವಾಗಿ ಕಂಡಿತು. ಗೋಡೆಯ ಕಡೆ ಮಗ್ಗುಲಾದ.

ಡ್ರಿಪ್ಪು ಮುಗಿದು ಮನೆಗೆ ಕಳಿಸುವಾಗ ಮೇಘಶ್ರೀ, ಸದ್ಯಕ್ಕೆ ಹಳೆಯ ಮಾತ್ರೆಯೇ, ಕಿಡ್ನಿ ಚೇತರಿಸಿಕೊಂಡರೆ ಆ ಇನ್ನೊಂದು ಮಾತ್ರೆಯ ವಿಚಾರ ನೋಡೋಣ ಅಂದರು. ಉಳಿದ ಭಾಗ ಎಷ್ಟು ವರ್ಷ ಬರುತ್ತದೆಂದು ತಮಗೂ ಹೇಳಲಾಗುವುದಿಲ್ಲ, ಒಂದು ದಿನವೂ ತಪ್ಪಬಾರದು ಅಂದರು. ಹೇಳುವಾಗ ರೂಢಿಯಂತೆ ಸಣ್ಣಕ್ಕನ ಕಡೆ ನೋಡಿದರು. ಸಣ್ಣಕ್ಕ ಕಿಟಕಿಯ ಕಡೆ ನೋಡಿದಳು.

ಮಾರನೆಯ ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ಎಂಟೂವರೆ ಆಯಿತು. ಸಣ್ಣಕ್ಕನ ಕೈ ತಾನಾಗಿ ಸೌಟು ಬಿಟ್ಟಿತು. ಫೋನು ಮುಟ್ಟಿತು. ಅವಳು ಅದನ್ನು ತೆಗೆದು ಲಕ್ಕಮ್ಮನ ಕೈಗೆ ಕೊಟ್ಟು, "ನಾ ಕೇಳಿದ್ರೂ ಕೊಡ್‌ಬ್ಯಾಡ ಕಣೆ" ಅಂದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಮುಂದಿನ ಬೆಳಗೂ ಹಾಗೆಯೇ, ಅದರ ಮುಂದಿನದೂ. ನುಂಗಿದನೋ ಇಲ್ಲವೋ? ನಾಗಲಕ್ಷ್ಮಿಗೆ ಫೋನು ಮಾಡಿ ಕೇಳಬಹುದಿತ್ತು, ದೇವರಾಜು ಅವರನ್ನು ಕೇಳಬಹುದಿತ್ತು. ಕೇಳಲಿಲ್ಲ. ರಾತ್ರಿಗಳಲ್ಲಿ ಪಕ್ಕೆಯ ಗೀರು ಉರಿಯುತ್ತಿತ್ತು. ಡಾಕ್ಟರನ್ನು ಕೇಳಿದರೆ ಹಳೆಯ ಗೀರು ಉರಿಯುವುದಿಲ್ಲ ಅನ್ನುತ್ತಿದ್ದರೇನೋ.

ಭಾನುವಾರ ಮೊದಲ ಬಸ್ಸಿಗೇ ಶಾಂತರಾಜು ಬಂದ. ಸಣ್ಣಕ್ಕ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅವನು ಸೀದಾ ರಸಪುರಿ ಗಿಡದ ಮುಂದೆ ಬಗ್ಗಿ, ಆಸ್ಪತ್ರೆಯಲ್ಲಿದ್ದಾಗ ಎದ್ದಿದ್ದ ಬುಡದ ಚಿಗುರನ್ನು ಚಿವುಟಿದ. ಅವಳು ಅವನ ಸೊಂಟ ನೋಡಲಿಲ್ಲ.

"ಎಂಗಿದ್ದೀಯ್ಲಾ ಶಾಂತ?" ಅಂದಳು.

ಅವನು ಎದ್ದು ನಿಂತು ಅವಳನ್ನು ನೋಡಿದ. "ಇದ್ದೀನಿ ಕಣಕ್ಕ," ಅಂದ. ಆಮೇಲೆ ಕೈಯ ಮಣ್ಣು ಕೊಡವಿ, "ಒಂದ್ ಲೋಟ ನೀರು ಕೊಡು" ಅಂದ.

ಒಳಗಿನಿಂದ ನೀರು ತಂದು ಕೊಟ್ಟಳು. ಗೋಡೆ ಗಡಿಯಾರದಲ್ಲಿ ಎಷ್ಟು ಗಂಟೆ ಅಂತ ಅವಳು ನೋಡಿರಲಿಲ್ಲ, ನೋಡಿರಲಿಲ್ಲ ಅಂತ ಆಣೆ ಮಾಡಿ ಹೇಳುತ್ತಾಳೆ. ಅವನು ಜೇಬಿಗೆ ಕೈ ಹಾಕಿದ್ದನ್ನು ಮಾತ್ರ ಕಂಡಳು. ಕಂಡವಳೇ ಬೆನ್ನು ತಿರುಗಿಸಿ ಅಡುಗೆಮನೆಗೆ ನಡೆದಳು. ಬೆನ್ನ ಹಿಂದೆ ಲೋಟದ ಸದ್ದಾಯಿತು. ತಿರುಗಿ ನೋಡದಿರುವುದಕ್ಕೆ ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳಬೇಕಾಯಿತು. ನುಂಗಿದನೋ, ಚೆಲ್ಲಿದನೋ, ದೇವರೇ ಬಲ್ಲ. ಒಲೆ ಹಚ್ಚಿ, ಬಾಣಲೆ ಇಟ್ಟು, ಅಲ್ಲಿಂದಲೇ ಕೂಗಿದಳು.

"ಉಪ್ಪಿಟ್ಟು ಮಾಡ್ತೀನಿ, ತಿಂತೀಯೇನ್ಲಾ?"

"ಇನ್ನೊಂದ್ ಗಂಟೆ ಬುಟ್ ಮಾಡು ಕಣಕ್ಕ," ಹಿತ್ತಲಿನಿಂದ ಉತ್ತರ ಬಂತು. "ಈಗ ತಿನ್ನಂಗಿಲ್ಲ."

ಸಣ್ಣಕ್ಕ ಒಲೆ ಆರಿಸಿ, ಅಲ್ಲೇ ನೆಲದ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.